ಪ್ರಜ್ಞೆ ತಪ್ಪಿಸಿದ ಮೇಲೂ ಟ್ಯೂಬ್ ಹಾಕುವಾಗ ಬಿಪಿ ಏಕೆ ಏರುತ್ತದೆ? ಅದಕ್ಕೆ ಯಾವ ಮದ್ದು ಕೊಡುತ್ತಾರೆ?

ನಿಮ್ಮ ತಂದೆಯವರಿಗೆ 62 ವರ್ಷ, ಬಹಳ ಕಾಲದಿಂದ ಬಿಪಿ ಇದೆ, ಈಗ ಗಾಲ್ ಬ್ಲ್ಯಾಡರ್ ಕಲ್ಲಿಗೆ ಲ್ಯಾಪರೋಸ್ಕೋಪಿ ಆಪರೇಷನ್ ಎಂದು ಬರೆದಿದ್ದೀರಿ. "ಟ್ಯೂಬ್ ಹಾಕುವಾಗ ಬಿಪಿ ಏರಬಹುದು, ಅದಕ್ಕೂ ಮದ್ದು ಕೊಡ್ತೀವಿ" ಎಂದು ಡಾಕ್ಟರ್ ಹೇಳಿದ್ದು ಕೇಳಿ ನಿಮಗೆ ಗಾಬರಿಯಾಗಿದೆ. ನಾನು ಅರಿವಳಿಕೆ ವೈದ್ಯ. ಅವರು ಇದನ್ನು ಮೊದಲೇ ಹೇಳಿದ್ದು ಒಳ್ಳೆಯದೇ ಆಯಿತು.

ಟ್ಯೂಬ್ ಎಂದರೆ ಆಪರೇಷನ್ ವೇಳೆ ಉಸಿರಾಟಕ್ಕಾಗಿ ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸುವ ಕೊಳವೆ. ನಾಲಿಗೆಯ ಬುಡ, ಗಂಟಲು, ಧ್ವನಿಪೆಟ್ಟಿಗೆ, ಇಲ್ಲೆಲ್ಲ ನರಗಳು ಜಾಸ್ತಿ. ದಾರಿ ಕಾಣಲೆಂದು ಲ್ಯಾರಿಂಗೋಸ್ಕೋಪ್ ಎಂಬ ದೀಪವಿರುವ ಸಾಧನ ಹಾಕಿ ನಾಲಿಗೆಯನ್ನು ಮೇಲೆತ್ತಿದ ಕೂಡಲೇ ಆ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ರೋಗಿಗೆ ಎಚ್ಚರ ಇಲ್ಲ, ನೋವೂ ಗೊತ್ತಾಗುವುದಿಲ್ಲ. ಆದರೆ ಈ ಪ್ರತಿಕ್ರಿಯೆಗೆ ಎಚ್ಚರ ಬೇಕಾಗಿಲ್ಲ. ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ, ನಾಡಿ ಓಡುತ್ತದೆ, ಬಿಪಿ ಏರುತ್ತದೆ. ಕೆಲವೇ ಸೆಕೆಂಡಿನಲ್ಲಿ ಶುರುವಾಗಿ ಒಂದೆರಡು ನಿಮಿಷದಲ್ಲಿ ತುದಿ ಮುಟ್ಟುತ್ತದೆ. ಐದು ಹತ್ತು ನಿಮಿಷದೊಳಗೆ ತಾನಾಗಿಯೇ ಇಳಿಯುತ್ತದೆ.

ಗಟ್ಟಿ ಆರೋಗ್ಯದವರಿಗೆ ಇದರಿಂದ ಏನೂ ಆಗುವುದಿಲ್ಲ. ಬಿಪಿ ಇರುವವರ ರಕ್ತನಾಳ ಬಿಗಿಯಾಗಿರುತ್ತದೆ, ಹಾಗಾಗಿ ಏರಿಕೆಯೂ ದೊಡ್ಡದು. ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದ್ದರೆ, ಮೆದುಳಿನ ರಕ್ತನಾಳ ಎಲ್ಲಾದರೂ ಊದಿಕೊಂಡಿದ್ದರೆ ಆ ಎರಡು ನಿಮಿಷವೂ ಅಪಾಯವೇ. ಬಸುರಿಯಲ್ಲಿ ಬಿಪಿ ತುಂಬಾ ಏರಿ, ತುರ್ತಾಗಿ ಸಿಸೇರಿಯನ್ ಮಾಡಬೇಕಾದವರಲ್ಲೂ ಹೀಗೆಯೇ.

ಇನ್ನು ಮದ್ದು. ನಾವು ಹೆಚ್ಚಾಗಿ ಬಳಸುವುದು ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ. ಕೆಜಿಗೆ ಸುಮಾರು 2 ಮೈಕ್ರೋಗ್ರಾಂ. ಇದನ್ನು ಕೊಟ್ಟ ತಕ್ಷಣ ಟ್ಯೂಬ್ ಹಾಕಿದರೆ ಪ್ರಯೋಜನ ಕಡಿಮೆ, ಮೂರರಿಂದ ಐದು ನಿಮಿಷ ಬಿಡಬೇಕು. ನಾಡಿ ನಿಧಾನಗೊಳಿಸುವ ಎಸ್ಮೊಲಾಲ್ ಬೇರೆ ರೀತಿ. ಒಂದೆರಡು ನಿಮಿಷದಲ್ಲೇ ಹಿಡಿಯುತ್ತದೆ, ಸುಮಾರು ಒಂಬತ್ತು ನಿಮಿಷಕ್ಕೆ ಅರ್ಧ ಕರಗಿರುತ್ತದೆ. ನಾಡಿಯನ್ನು ಚೆನ್ನಾಗಿ ಹತೋಟಿಗೆ ತರುತ್ತದೆ, ಆಸ್ತಮಾ ಇರುವವರಲ್ಲಿ ಮಾತ್ರ ಯೋಚಿಸಿ ಕೊಡಬೇಕು. ಮಂಪರು ಬರಿಸುವ ಡೆಕ್ಸ್‌ಮೆಡಿಟೊಮಿಡಿನ್ ಅನ್ನು ಹತ್ತು ನಿಮಿಷ ನಿಧಾನವಾಗಿ ಹರಿಸುತ್ತೇವೆ. ಅದರಲ್ಲಿ ನಾಡಿ ಅತಿಯಾಗಿ ಇಳಿಯದಂತೆ ಕಣ್ಣಿಟ್ಟಿರಬೇಕು. ಮರಗಟ್ಟಿಸುವ ಮದ್ದಾದ ಲಿಗ್ನೊಕೇನ್ ಅನ್ನು ರಕ್ತನಾಳಕ್ಕೆ ಕೊಡುವುದು ಹಳೆಯ ರೂಢಿ. ಕೆಮ್ಮು ತಡೆಯಲು ಅದು ಒಳ್ಳೆಯದು, ಬಿಪಿ ತಡೆಯಲು ಅದೊಂದನ್ನೇ ನಾನು ನಂಬುವುದಿಲ್ಲ. ಲೆಬೆಟಲಾಲ್, ಮೆಗ್ನೀಶಿಯಂ ಬಸುರಿಯರಲ್ಲಿ ಕೈಹಿಡಿಯುವ ಮದ್ದುಗಳು. ಹೆರಿಗೆಗೆ ಮುಂಚೆ ಫೆಂಟನಿಲ್ ಕೊಟ್ಟರೆ ಅದು ಮಗುವಿಗೂ ತಲುಪಿ ಉಸಿರಾಟ ನಿಧಾನವಾಗಬಹುದು, ಹಾಗಾಗಿ ಮಕ್ಕಳ ಡಾಕ್ಟರಿಗೆ ಮೊದಲೇ ಹೇಳಿರುತ್ತೇವೆ.

ಇದರಲ್ಲಿ ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮದ್ದಿನ ಹೆಸರಿಗಿಂತ ಹೊತ್ತು ಮುಖ್ಯ, ಕೈ ಮುಖ್ಯ. ಸ್ನಾಯು ಸಡಿಲಿಸುವ ಮದ್ದು ಕೊಟ್ಟ ಮೇಲೆ ಪೂರ್ತಿ ಮೂರು ನಿಮಿಷ ಕಾಯುವ ತಾಳ್ಮೆ ಬೇಕು. ಲ್ಯಾರಿಂಗೋಸ್ಕೋಪ್ ಬಾಯೊಳಗೆ ಇರುವುದು 15 ಸೆಕೆಂಡ್ ದಾಟಬಾರದು. ಅವಸರ ಮಾಡಿ, ಒತ್ತಿ, ಎರಡು ಮೂರು ಸಲ ಪ್ರಯತ್ನಿಸಿದರೆ ಯಾವ ಮದ್ದೂ ಪೂರ್ತಿ ಕಾಪಾಡುವುದಿಲ್ಲ.

ಬಿಪಿ ಏರುತ್ತದೆ ಅಂತ ಸುಮ್ನೆ ಮದ್ದು ಸುರಿಯುವ ಹಾಗೂ ಇಲ್ಲ. ನಿದ್ದೆ ಬರಿಸುವ ಪ್ರೊಪೊಫಾಲ್ ತಾನೇ ಬಿಪಿ ಇಳಿಸುತ್ತದೆ. ಅದರ ಮೇಲೆ ಟ್ಯೂಬ್ ಹಾಕುವಾಗ ಏರುತ್ತದೆ. ಹಾಕಿ ಮುಗಿದ ಮೇಲೆ ಸರ್ಜನ್ ಹೊಟ್ಟೆ ಒರೆಸಿ, ಬಟ್ಟೆ ಹೊದಿಸಿ ಸಿದ್ಧವಾಗುವವರೆಗೆ ಗಂಟಲಿಗೂ ಹೊಟ್ಟೆಗೂ ಯಾವ ತೊಂದರೆಯೂ ಇರುವುದಿಲ್ಲ. ಆಗ ಬಿಪಿ ಮತ್ತೆ ಜಾರುತ್ತದೆ. ಆಮೇಲೆ ಲ್ಯಾಪರೋಸ್ಕೋಪಿಗಾಗಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ಅನಿಲ ತುಂಬಿದಾಗ ಮತ್ತೆ ಮೇಲೆ. ಬಿಪಿ ರೋಗಿಗಳಲ್ಲಿ ಈ ಏರಿಳಿತ ಘಾಟಿ ರಸ್ತೆಯ ಹಾಗೆ. ಮೊದಲ ಏರಿಕೆಗೆ ಹೆದರಿ ಜಾಸ್ತಿ ಮದ್ದು ಕೊಟ್ಟರೆ ಇಳಿತದಲ್ಲಿ ಮೂತ್ರಪಿಂಡಕ್ಕೆ, ಮೆದುಳಿಗೆ, ಹೃದಯಕ್ಕೆ ರಕ್ತ ಸಾಲದೇ ಹೋಗಬಹುದು. ವಯಸ್ಸಾದವರಲ್ಲಿ ನನಗೆ ಆ ಇಳಿತದ್ದೇ ಹೆಚ್ಚು ಚಿಂತೆ. ಅದಕ್ಕೇ ಅಳೆದು, ಸ್ವಲ್ಪ ಸ್ವಲ್ಪವೇ ಕೊಡುತ್ತೇವೆ. ಬಿಪಿ ಏರಿಸುವ ಮದ್ದನ್ನೂ ಪಕ್ಕದಲ್ಲೇ ತುಂಬಿಟ್ಟಿರುತ್ತೇವೆ. ಆಪರೇಷನ್ ಮುಗಿದು ಟ್ಯೂಬ್ ತೆಗೆಯುವಾಗಲೂ ಬಿಪಿ ಇನ್ನೊಮ್ಮೆ ಏರುವುದುಂಟು, ಅದನ್ನೂ ನೋಡಿಕೊಳ್ಳುತ್ತಾರೆ.

ನಿಮ್ಮ ಕೈಲಿರುವುದು ತಂದೆಯವರ ಮಾತ್ರೆಗಳ ವಿಷಯ. ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುತ್ತಿದ್ದರೆ ಹಠಾತ್ತಾಗಿ ನಿಲ್ಲಿಸಬಾರದು. ಕ್ಲೊನಿಡಿನ್ ಕೂಡ ಹಾಗೆಯೇ, ನಿಲ್ಲಿಸಿದರೆ ಬಿಪಿ ಎದ್ದು ಕುಣಿಯುತ್ತದೆ. ಆಮ್ಲೊಡಿಪಿನ್ ಅನ್ನು ಸಾಮಾನ್ಯವಾಗಿ ಆಪರೇಷನ್ ದಿನ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಲು ಹೇಳುತ್ತೇವೆ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್ ಇದ್ದರೆ ಅನೇಕರು 24 ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ, ಏಕೆಂದರೆ ಅರಿವಳಿಕೆಯಲ್ಲಿ ಬಿಪಿ ಬಿದ್ದರೆ ಮೇಲೆತ್ತುವುದು ಕಷ್ಟ. ಈಗ ಒಂದೇ ಮಾತ್ರೆಯಲ್ಲಿ ಎರಡು ಮೂರು ಮದ್ದು ಸೇರಿರುವುದು ಮಾಮೂಲಿ, ಅಲ್ವಾ? ಹಾಗಾಗಿ ನನ್ನ ಉತ್ತರ ಓದಿ ನೀವೇ ನಿರ್ಧಾರ ಮಾಡಬೇಡಿ. ಖಾಲಿಯಾದ ಸ್ಟ್ರಿಪ್ ಆದರೂ ಸರಿ, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಅರಿವಳಿಕೆ ಡಾಕ್ಟರಿಗೆ ತೋರಿಸಿ, ಯಾವುದನ್ನು ನುಂಗಬೇಕು, ಯಾವುದನ್ನು ಬಿಡಬೇಕು ಎಂದು ಬರೆಸಿಕೊಳ್ಳಿ. ಆಸ್ತಮಾ, ಎದೆನೋವು, ಹಿಂದೆ ಸ್ಟ್ರೋಕ್ ಆಗಿದ್ದು ಇದ್ದರೆ ಅವರು ಕೇಳುವ ಮೊದಲೇ ಹೇಳಿಬಿಡಿ.