ಗಿಟಾರ್‌ಗೂ ಹಳೆಯ ರೆಕಾರ್ಡ್‌ಗಳಿಗೂ ಒಂದೇ ಅಂಗಡಿ ಸಾಕಾ?

ಮೊದಲ ಅಕೂಸ್ಟಿಕ್ ಗಿಟಾರ್ ಕೊಳ್ಳಬೇಕು, ಹಳೆಯ ಎಲ್‌ಪಿ ರೆಕಾರ್ಡ್‌ಗಳನ್ನೂ ಕೂಡಿಡಬೇಕು, ಎರಡಕ್ಕೂ ಒಂದೇ ಅಂಗಡಿ ಹಿಡಿಯಬಹುದಾ ಅಂತ ಕೇಳಿದ್ದೀರಿ. ಹಿಡಿಯದಿದ್ದರೇ ಒಳ್ಳೆಯದು ಅನ್ನುತ್ತೇನೆ. ವಾದ್ಯ ಬಲ್ಲವರ ಅಂಗಡಿಯಲ್ಲಿ ರೆಕಾರ್ಡ್‌ಗಳು ಸಾಮಾನ್ಯವಾಗಿ ಮೂಲೆ ಸೇರಿರುತ್ತವೆ. ರೆಕಾರ್ಡ್ ಹುಚ್ಚಿನವರ ಅಂಗಡಿಯಲ್ಲಿ ಗಿಟಾರ್ ಇದ್ದರೂ ಸುಮ್ನೆ ಗೋಡೆಗೆ ನೇತಾಡುತ್ತಿರುತ್ತದೆ.

ಗಿಟಾರ್ ಅಂಗಡಿಗೆ ಹೋದರೆ ನಾನು ಮೊದಲು ಹುಡುಕುವುದು ರಿಪೇರಿ ಮಾಡುವ ಮೇಜನ್ನು. ಕಾರ್ಖಾನೆಯಿಂದ ಬಂದ ಗಿಟಾರ್‌ಗೆ ಎಷ್ಟೋ ಸಲ ಸೆಟಪ್, ಅಂದರೆ ತಂತಿಯ ಎತ್ತರ ಮತ್ತಿತರ ಹೊಂದಾಣಿಕೆ, ಬೇಕಾಗುತ್ತದೆ. ತಂತಿ ಜಾಸ್ತಿ ಎತ್ತರದಲ್ಲಿದ್ದರೆ ಒತ್ತಿ ಒತ್ತಿ ಬೆರಳು ನೋಯುತ್ತದೆ. ತೀರಾ ತಗ್ಗಿದ್ದರೆ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ತಗುಲಿ ಝರ್ ಅನ್ನುತ್ತದೆ. ಎಷ್ಟೋ ಜನ ಕಲಿಕೆ ಬಿಡುವುದು ಇದರಿಂದಲೇ ಅಂತ ನನ್ನ ಗುಮಾನಿ. ಅದಕ್ಕೇ ಸೆಟಪ್ ಯಾರು ಮಾಡುತ್ತಾರೆ, ಸ್ವಲ್ಪ ದಿನ ಬಿಟ್ಟು ತಂದರೆ ಮತ್ತೆ ನೋಡುತ್ತಾರಾ ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ.

ನಿಮಗೆ ನುಡಿಸಲು ಬರದಿದ್ದರೂ ಪರೀಕ್ಷೆ ಮಾಡಬಹುದು. ಪ್ರತಿ ತಂತಿಯನ್ನೂ ಒಂದೊಂದೇ ಫ್ರೆಟ್‌ನಲ್ಲಿ ಒತ್ತಿ ಮೀಟುತ್ತಾ ಹೋಗಿ, ಎಲ್ಲಾದರೂ ಸದ್ದು ಸತ್ತ ಹಾಗಾಗುತ್ತಾ ಕೇಳಿ. ಆಮೇಲೆ ಶ್ರುತಿ ತೋರಿಸುವ ಟ್ಯೂನರ್ ಹಾಕಿಸಿ. ಖಾಲಿ ತಂತಿಯನ್ನು ಸರಿಯಾಗಿ ಶ್ರುತಿ ಮಾಡಿ, ಅದೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿ. ಒಂದು ಸ್ಥಾಯಿ ಮೇಲೆ ಅದೇ ಸ್ವರ ಬರಬೇಕು. ಮುಳ್ಳು ಅತ್ತಿತ್ತ ಓಡಿದರೆ ತಂತಿ ಹಳೆಯದಿರಬಹುದು, ಇಲ್ಲವೇ ಸೆಟಪ್ ಸರಿ ಇಲ್ಲ. ಹೊಸ ತಂತಿ ಹಾಕಿಸಿ ಇನ್ನೊಮ್ಮೆ ನೋಡಿ. ಕತ್ತಿನ ಅಂಚಿನಲ್ಲಿ ಬೆರಳು ಸವರಿ, ಫ್ರೆಟ್ ತುದಿಗಳು ಚುಚ್ಚಿದರೆ ಮರ ಒಣಗಿ ಕುಗ್ಗಿರಬಹುದು. ಅಕೂಸ್ಟಿಕ್ ಗಿಟಾರ್‌ಗೆ ಸುಮಾರು 45ರಿಂದ 55 ಶೇಕಡಾ ತೇವಾಂಶದ ಗಾಳಿ ಹಿತ. ಬಿಸಿಲು ಬೀಳುವ ಕಿಟಕಿಯಲ್ಲಿ ಜೋಡಿಸಿಟ್ಟವರಿಗೆ ಅದರ ಗೊಡವೆಯೇ ಇಲ್ಲ ಅಂತಾಯಿತು, ಅಲ್ವಾ? ಅಂದ ಹಾಗೆ, ಅಂಗಡಿಯವರೇ ಗಿಟಾರ್ ಎತ್ತಿಕೊಂಡು ಭರ್ಜರಿಯಾಗಿ ನುಡಿಸಿ ತೋರಿಸಿದರೆ ಮರುಳಾಗಬೇಡಿ. ಅದು ಅವರ ಕೈಗುಣ.

ರೆಕಾರ್ಡ್ ಅಂಗಡಿಯಲ್ಲಿ ಕವರಿನಿಂದ ತೆಗೆದು ನೋಡಲು ಬಿಡಬೇಕು. ಬೆಳಕಿಗೆ ಓರೆ ಹಿಡಿದರೆ ಗೀರು ಕಾಣುತ್ತದೆ. ಉಗುರಿಗೆ ತಗುಲುವಷ್ಟು ಗೀರಿದ್ದರೆ ಬಿಟ್ಟುಬಿಡಿ. ಒಂದರ ಮೇಲೊಂದು ಮಲಗಿಸಿ ಪೇರಿಸಿದ್ದರೆ ಡಿಸ್ಕ್ ಬಾಗಿರಬಹುದು, ನೆಟ್ಟಗೆ ನಿಲ್ಲಿಸಿಡುವುದೇ ಸರಿ. ರೆಕಾರ್ಡ್ ಎಷ್ಟು ಚೆನ್ನಾಗಿದೆ ಅಂತ ಅಂಗಡಿಯವರು ದರ್ಜೆ ಕೊಟ್ಟಿದ್ದರೆ ಹುಷಾರು: ‘ವೆರಿ ಗುಡ್’ ದರ್ಜೆಯಲ್ಲೂ ಹಾಡಿನ ನಡುವೆ ಚಟಪಟ ಕೇಳುತ್ತದೆ. ಅದು ಬೇಡವಾದರೆ ‘ನಿಯರ್ ಮಿಂಟ್’ (ಹೆಚ್ಚುಕಡಿಮೆ ಹೊಸದರಂತಿರುವುದು) ಕೇಳಿ. ಡಿಸ್ಕ್‌ಗೂ ಕವರಿಗೂ ಬೇರೆ ಬೇರೆ ದರ್ಜೆ ಬರೆಯುವವರು ನನ್ನ ಲೆಕ್ಕದಲ್ಲಿ ನಂಬಿಕಸ್ಥರು.

ಹೊಸ ಸಿಡಿ ಬೇಕಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ, ಆನ್‌ಲೈನ್‌ನಲ್ಲೇ ತರಿಸಿ. ಮೊದಲ ಗಿಟಾರನ್ನು ಮಾತ್ರ ಹಾಗೆ ತರಿಸಬೇಡಿ.