ಮುಖ ನಮ್ಮದಾದರೆ ಕಥೆಯೂ ನಮ್ಮದಾಗುವುದೇ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಂಚಿಕೆಯಲ್ಲಿ ರೋಲ್ ಪ್ಲೇಯಿಂಗ್ ಗೇಮ್‌ಗಳು, ಅಂದರೆ ಪಾತ್ರವೊಂದನ್ನು ವಹಿಸಿಕೊಂಡು ಆಡುವ ವಿಡಿಯೋ ಗೇಮ್‌ಗಳು

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪಾತ್ರವನ್ನು ನಾವೇ ರೂಪಿಸಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಾದ ಓಪನ್ ವರ್ಲ್ಡ್ ಆಟವೊಂದೇ ನಿಜವಾದ ರೋಲ್ ಪ್ಲೇಯಿಂಗ್ ಗೇಮ್, ಉಳಿದವೆಲ್ಲ ಗುಂಡಿ ಒತ್ತುತ್ತಾ ನೋಡುವ ಸಿನಿಮಾ ಎಂದು ನಮ್ಮ ದೊಡ್ಡಪ್ಪನ ಮಗ ಹೇಳುತ್ತಾರೆ. ಅವರ ಮಾತಿನಂತೆ ಸ್ಕೈರಿಮ್ ಎಂಬ ಅಂಥದೊಂದು ಆಟದಲ್ಲಿ ಎರಡು ಸಂಜೆ ಕುಳಿತು ಮೂಗು, ದವಡೆ, ಗಾಯದ ಗುರುತನ್ನೆಲ್ಲ ತಿದ್ದಿ ಪಾತ್ರ ಮಾಡಿದೆ. ಇಪ್ಪತ್ತು ಗಂಟೆ ಆಡುವಷ್ಟರಲ್ಲಿ ಬೇಸರ ಬಂತು. ದಿ ವಿಚರ್ 3 ಆಟದಲ್ಲಿ ಬೇರೆಯವರು ಬರೆದಿಟ್ಟ ಗೆರಾಲ್ಟನಾಗಿ ಆಡಿದಾಗ ಮಾತ್ರ ಅವನು ನಾನೇ ಎನಿಸಿತು. ತಪ್ಪು ನನ್ನದೇ, ಆಟದ್ದೇ?

ಉತ್ತರ: ನಿಮ್ಮದಂತೂ ಅಲ್ಲ. ನಿಮ್ಮ ಅಣ್ಣ ಎರಡು ಪ್ರಶ್ನೆಗಳನ್ನು ಒಂದೇ ಗಂಟು ಕಟ್ಟಿದ್ದಾರೆ. ಪಾತ್ರ ಕೊಟ್ಟದ್ದೋ ನಾವು ಮಾಡಿಕೊಂಡದ್ದೋ ಎಂಬುದು ಒಂದು ಪ್ರಶ್ನೆ. ದಾರಿ ಒಂದೇ ಇದೆಯೋ ಬಯಲೆಲ್ಲ ತೆರೆದಿದೆಯೋ ಎಂಬುದು ಇನ್ನೊಂದು. ಇವೆರಡೂ ಜೊತೆಯಲ್ಲೇ ಬರಬೇಕೆಂಬ ನಿಯಮವಿಲ್ಲ. 2015ರಲ್ಲಿ ಬಂದ ದಿ ವಿಚರ್ 3ರಲ್ಲಿ ಪಾತ್ರ ಕೊಟ್ಟದ್ದು, ಬಯಲು ತೆರೆದದ್ದು. 2007ರ ಮಾಸ್ ಎಫೆಕ್ಟ್‌ನಲ್ಲಿ ಮುಖ, ಹೆಸರು, ಪೂರ್ವಕಥೆ ಎಲ್ಲವೂ ನಮ್ಮ ಆಯ್ಕೆ, ಆದರೆ ಕಥೆಯ ಮುಖ್ಯ ಕಾರ್ಯಾಚರಣೆಗಳು ಬಹುಮಟ್ಟಿಗೆ ಒಂದೇ ದಾರಿಯಲ್ಲಿ ಸಾಗುತ್ತವೆ. 2011ರ ಸ್ಕೈರಿಮ್‌ನಲ್ಲಿ ಎರಡೂ ಸಡಿಲ. ಫೈನಲ್ ಫ್ಯಾಂಟಸಿ 13ರಲ್ಲಿ ಎರಡೂ ಬಿಗಿ.

ಗುಬ್ಬಿ, ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವ ಕ್ರಮ ನಿಮಗೆ ಗೊತ್ತಿರಬಹುದು. ದುರ್ಯೋಧನನ ಪಾತ್ರ ಬೇಕೆಂದವನು ಆ ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾನೆ. ಬೆಳಗಿನ ಜಾವಕ್ಕೆ ತನ್ನ ತೊಡೆ ಮುರಿಯುವುದು ಖಚಿತ ಎಂದು ಅವನಿಗೂ ಗೊತ್ತು, ಚಾಪೆ ಹಾಸಿಕೊಂಡು ಕುಳಿತ ಅಜ್ಜಿಗೂ ಗೊತ್ತು. ಆದರೂ ಮರುದಿನ ಟೀ ಅಂಗಡಿಯಲ್ಲಿ ನಡೆಯುವ ಚರ್ಚೆ ಕಥೆ ಏನಾಯಿತೆಂಬುದರ ಮೇಲಲ್ಲ. ಅವನು ಕಂದಪದ್ಯವನ್ನು ಹೇಗೆ ಎತ್ತಿದ, ಕರ್ಣ ಬಿದ್ದ ಸುದ್ದಿ ಕೇಳಿ ಹೇಗೆ ನಿಂತ ಎಂಬುದರ ಮೇಲೆ. ಗೆರಾಲ್ಟನಾಗಿ ನಿಮಗೆ ಸಿಕ್ಕ ಸುಖ ಈ ಜಾತಿಯದು. ಸ್ಕೈರಿಮ್ ಕೊಡುವುದು ಸಿದ್ಧಗಂಗೆ ಜಾತ್ರೆಗೆ ಹೋದಾಗ ಸಿಗುವ ಸುಖ: ದನಗಳ ಸಾಲಿನಲ್ಲಿ ಅರ್ಧ ದಿನ ಕಳೆಯಬಹುದು, ವಸ್ತುಪ್ರದರ್ಶನ ಸುತ್ತಬಹುದು, ಬೆಟ್ಟ ಹತ್ತಬಹುದು, ಯಾರೂ ಕೇಳುವುದಿಲ್ಲ. ಆದರೆ ನೀವು ಯಾರೆಂದೂ ಜಾತ್ರೆ ಕೇಳುವುದಿಲ್ಲ ಎಂಬುದನ್ನು ನಿಮ್ಮ ಅಣ್ಣ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ನಾವೇ ಮಾಡಿಕೊಂಡ ಪಾತ್ರಕ್ಕೆ ಬೆಲೆ ತೆರುವುದು ಇಲ್ಲಿಯೇ. ಆಡುವವನು ಯಾವ ಮುಖ, ಯಾವ ಕುಲ, ಯಾವ ಸ್ವಭಾವದವನಾಗಿ ಬರುತ್ತಾನೆಂದು ಸಂಭಾಷಣೆ ಬರೆಯುವವರಿಗೆ ತಿಳಿದಿರುವುದಿಲ್ಲವಾದ್ದರಿಂದ, ಅವರು ಯಾರಿಗೂ ಒಪ್ಪುವಂಥ, ಅಂದರೆ ಯಾರಿಗೂ ಅಂಟದಂಥ ಮಾತುಗಳನ್ನು ಬರೆಯಬೇಕಾಗುತ್ತದೆ. ಮಾಸ್ ಎಫೆಕ್ಟ್ ಇದಕ್ಕೊಂದು ಜಾಣ ಉಪಾಯ ಹೂಡಿತು: ಮೊದಲ ಹೆಸರನ್ನು ಏನಾದರೂ ಇಟ್ಟುಕೊಳ್ಳಿ, ಆದರೆ ಎಲ್ಲರೂ ನಿಮ್ಮನ್ನು ಕರೆಯುವುದು ಶೆಪರ್ಡ್ ಎಂಬ ಮನೆತನದ ಹೆಸರಿನಿಂದಲೇ. ಮಾತುಗಳನ್ನೆಲ್ಲ ಕಲಾವಿದರ ಧ್ವನಿಯಲ್ಲಿ ಮೊದಲೇ ಮುದ್ರಿಸಿಡಬೇಕಾದ್ದರಿಂದ ಈ ಏರ್ಪಾಡು. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಕೆಂಪಮ್ಮ ಎಂದು ಹೆಸರಿಟ್ಟು ಆಡಿದೆ. ಆ ಸರಣಿಯ ಮೂರೂ ಆಟ ಮುಗಿಯುವವರೆಗೆ ಒಬ್ಬನೂ ಕೆಂಪಮ್ಮ ಎನ್ನಲಿಲ್ಲ. ಸ್ಕೈರಿಮ್‌ನಲ್ಲಿ ಹತ್ತು ಕುಲಗಳ ನಡುವೆ ಆಯ್ಕೆಯಿದೆ, ಹದಿನೆಂಟು ಕೌಶಲಗಳಿವೆ, ಬಳಸಿದ ಕೌಶಲ ಬೆಳೆಯುತ್ತಾ ಹೋಗುವ ಆ ಲೆಕ್ಕ ನಿಜಕ್ಕೂ ಸೊಗಸಾದದ್ದು. ಆದರೆ ಮಂತ್ರಗಳನ್ನು ಹೆಚ್ಚುಕಡಿಮೆ ಮುಟ್ಟದೆ, ಕೊಡಲಿ ಬೀಸಿಕೊಂಡೇ ಅಲ್ಲಿನ ಮಂತ್ರವಿದ್ಯಾ ಕಾಲೇಜಿನ ಮುಖ್ಯಸ್ಥರಾಗಬಹುದು! ನೀವು ಯಾರೆಂಬುದನ್ನು ಆಟ ಎಷ್ಟು ಕಡಿಮೆ ಗಮನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಿಮ್ಮ ಎರಡು ಸಂಜೆಯ ಶ್ರಮದ ಮೂಗನ್ನು ಆ ಲೋಕದಲ್ಲಿ ಯಾರೂ ನೋಡಲಿಲ್ಲ. ನೀವೂ ಶಿರಸ್ತ್ರಾಣ ಹಾಕಿದ ಮೇಲೆ ನೋಡಿರಲಾರಿರಿ.

ಗೆರಾಲ್ಟನ ವಿಷಯದಲ್ಲಿ ಇದು ತಿರುವುಮುರುವಾಗಿದೆ. ಅವನು ಹಣಕ್ಕೆ ರಾಕ್ಷಸರನ್ನು ಕೊಲ್ಲುವವನೆಂದು ಊರವರಿಗೆ ಗೊತ್ತು; ಬೈಯುತ್ತಾರೆ, ಹೆದರುತ್ತಾರೆ, ಕೆಲಸ ಬಿದ್ದಾಗ ಕರೆಯುತ್ತಾರೆ, ಕೂಲಿಯ ಬಗ್ಗೆ ಚೌಕಾಸಿ ಮಾಡುತ್ತಾರೆ. ಆರಂಭದ ಹಳ್ಳಿಯಲ್ಲೇ ಒಬ್ಬ ಮುದುಕಿ ತನ್ನ ಬಾಣಲೆಯನ್ನು ಹುಡುಕಿಕೊಡೆಂದು ಕೇಳುತ್ತಾಳೆ, ಆ ಸಣ್ಣ ಕೆಲಸಕ್ಕೂ ಒಂದು ಕಥೆಯಿದೆ. ಹಾಗೆಂದು ಆ ಆಟದ ಬಯಲೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ. ಸ್ಕೆಲಿಗೆ ದ್ವೀಪಗಳ ಸುತ್ತಲಿನ ಕಡಲಿನಲ್ಲಿ ಮ್ಯಾಪ್ ತುಂಬ ಪ್ರಶ್ನಾರ್ಥಕ ಚಿಹ್ನೆಗಳಿವೆ. ದೋಣಿಯಲ್ಲಿ ಹೋಗಿ ನೋಡಿದರೆ ಬಹುಪಾಲು ಕಳ್ಳಸಾಗಣೆಯ ಪೀಪಾಯಿಗಳು. ಒಂದು ವಾರದ ರಾತ್ರಿಗಳನ್ನು ಅವುಗಳಿಗೆ ಸುರಿದವನು ನಾನು.

ನನ್ನ ತೀರ್ಮಾನವನ್ನು ಬಿಡಿಸಿ ಹೇಳುವುದಾದರೆ, ಆಟದ ಸ್ವಾತಂತ್ರ್ಯವನ್ನು ಅಳೆಯಬೇಕಾದದ್ದು ಮ್ಯಾಪಿನ ಅಗಲದಿಂದಲೂ ಅಲ್ಲ, ಪಾತ್ರ ರಚನೆಯ ಪರದೆಯಲ್ಲಿ ಎಷ್ಟು ಬಗೆಯ ಹುಬ್ಬುಗಳಿವೆ ಎಂಬುದರಿಂದಲೂ ಅಲ್ಲ. ನಾವು ಮಾಡಿದ ಆಯ್ಕೆಗೆ ಆ ಲೋಕ ಉತ್ತರ ಕೊಡುತ್ತದೆಯೇ ಎಂಬುದರಿಂದ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಡ್ರೌ ಎಂಬ ಕುಲದವರಾಗಿ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ಪಾಳೆಯಕ್ಕೆ ಹೋದರೆ ಅವು ತಗ್ಗಿಬಗ್ಗಿ ದಾರಿ ಬಿಡುತ್ತವೆ. ಬೇರೆ ಕುಲದವರಿಗೆ ಆ ಮರ್ಯಾದೆಯಿಲ್ಲ. ಅದು ಸ್ಕೈರಿಮ್‌ನಂಥ ಒಂದೇ ಬಯಲಿನ ಆಟವಲ್ಲ, ಮೂರು ಅಂಕಗಳಾಗಿ ಕತ್ತರಿಸಿಟ್ಟ ಆಟ. ಅಷ್ಟು ಉತ್ತರಗಳನ್ನು ಬರೆಯಲು ಸಾಧ್ಯವಾದದ್ದರಲ್ಲಿ ಆ ಬೇಲಿಯ ಪಾಲೂ ಇದೆ ಎಂದು ನನಗನ್ನಿಸುತ್ತದೆ. 2019ರ ಡಿಸ್ಕೊ ಎಲಿಸಿಯಂ ಇನ್ನೂ ವಿಚಿತ್ರ. ಅಲ್ಲಿ ಮನುಷ್ಯ ಕೊಟ್ಟದ್ದೇ, ನೆನಪು ಕಳೆದುಕೊಂಡ ಪತ್ತೇದಾರ, ತಿರುಗಾಡಲು ನಗರದ ಒಂದು ಮೂಲೆ, ಕತ್ತಿ ಯುದ್ಧವಿಲ್ಲ. ಆದರೆ ಅವನ ಇಪ್ಪತ್ತನಾಲ್ಕು ಕೌಶಲಗಳಲ್ಲಿ ಯಾವುದನ್ನು ನೀವು ಬೆಳೆಸುತ್ತೀರೋ ಅದೇ ಅವನ ತಲೆಯೊಳಗೆ ಜೋರಾಗಿ ಮಾತಾಡುತ್ತದೆ. ಮುಖವನ್ನಲ್ಲ, ಮನಸ್ಸನ್ನು ರೂಪಿಸುವ ಆಟ ಅದು.

ಲೀನಿಯರ್, ಅಂದರೆ ಒಂದೇ ದಾರಿಯಲ್ಲಿ ಸಾಗುವ ಆಟಗಳಿಗೂ ನ್ಯಾಯ ಸಲ್ಲಬೇಕು. ಜಪಾನಿನಲ್ಲಿ 2009ರಲ್ಲಿ ಬಂದ ಫೈನಲ್ ಫ್ಯಾಂಟಸಿ 13 ಒಂದು ಉದ್ದನೆಯ ಓಣಿ ಎಂಬ ಟೀಕೆ ಹಳೆಯದು. ಹದಿಮೂರು ಅಧ್ಯಾಯಗಳ ಆ ಆಟದಲ್ಲಿ ಬಯಲು ಕಾಣುವುದು ಹನ್ನೊಂದನೆಯದರಲ್ಲಿ. ಆ ಟೀಕೆ ಅರ್ಧ ಸರಿ ಎಂಬುದು ನನ್ನ ಅಭಿಪ್ರಾಯ. ಓಣಿ ತಪ್ಪಲ್ಲ, ಓಣಿಯಲ್ಲಿ ನಡೆಯುವಾಗ ನಿರ್ಧರಿಸಲು ಏನೂ ಇಲ್ಲದಿರುವುದು ತಪ್ಪು. ಅಧ್ಯಾಯಕ್ಕೆ ಇಷ್ಟೇ ಎಂದು ಪಾತ್ರದ ಬೆಳವಣಿಗೆಗೂ ಆ ಆಟ ಮಿತಿ ಹಾಕಿದೆ. ತೆರೆದ ಬಯಲಿಗೂ ತನ್ನದೇ ತೊಡಕಿದೆ: ಆಡುವವನು ಯಾವ ದಿಕ್ಕಿಗೆ ಹೋಗುತ್ತಾನೆಂದು ತಿಳಿಯದಿದ್ದಾಗ ಶತ್ರುಗಳ ಬಲವನ್ನು ಎಷ್ಟಿಡಬೇಕು? 2006ರ ಆಬ್ಲಿವಿಯನ್ ನಿಮ್ಮ ಲೆವೆಲ್ ಏರಿದಂತೆ ಅವರನ್ನೂ ಏರಿಸಿತು. ಫಲವಾಗಿ ದಾರಿಗಳ್ಳರು ಬೆಲೆಬಾಳುವ ಗಾಜಿನ ಕವಚ ತೊಟ್ಟು ನಿಮ್ಮಿಂದ ಚಿಲ್ಲರೆ ಕೇಳುವಂತಾಯಿತು. 2022ರ ಎಲ್ಡೆನ್ ರಿಂಗ್ ಪ್ರತಿಯೊಂದು ಪ್ರದೇಶಕ್ಕೂ ಅದರದೇ ಬಲವನ್ನು ಸ್ಥಿರವಾಗಿ ಇಟ್ಟಿತು. ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಎಂಬ ಬಲಶಾಲಿ ಶತ್ರು ನಿಮ್ಮನ್ನು ನೆಲಕ್ಕೆ ಕೆಡವಿದರೆ ದಕ್ಷಿಣದ ಪರ್ಯಾಯ ದ್ವೀಪಕ್ಕೆ ತಿರುಗಿ, ಬಲಿತು ಮರಳಿ ಬರಬಹುದು. ಅಲ್ಲಿ ಬಯಲು ಅಲಂಕಾರವಲ್ಲ, ಆಟದ ಕಷ್ಟವನ್ನು ನೀವೇ ಹದ ಮಾಡಿಕೊಳ್ಳುವ ಸಾಧನ.

ನೀವು ಮುಂದೆ ಬಾಲ್ಡರ್ಸ್ ಗೇಟ್ 3 ಆಡಿ. ಅಣ್ಣನಿಗೆ ಡಿಸ್ಕೊ ಎಲಿಸಿಯಂ ಕೊಡಿ.

ಪ್ರಶ್ನೆ: ನಾನು ಚಿಂತಾಮಣಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಬಾಲ್ಡರ್ಸ್ ಗೇಟ್ 3ರಲ್ಲಿ ಎಲ್ಲದರಲ್ಲೂ ಸಮವಾಗಿ ಬಲ್ಲವಳಿರಲೆಂದು ನನ್ನ ಯೋಧೆಗೆ ಶಕ್ತಿ, ಚುರುಕು, ದೇಹದಾರ್ಢ್ಯ ತಲಾ 13, ಬುದ್ಧಿ, ವಿವೇಕ, ವರ್ಚಸ್ಸು ತಲಾ 12 ಇಟ್ಟು, ಹೆಚ್ಚುವರಿ ಅಂಕಗಳನ್ನು ಬುದ್ಧಿಗೂ ವಿವೇಕಕ್ಕೂ ಹಾಕಿದೆ. ಈಗ ಬೀಸಿದ ಏಟೆಲ್ಲ ತಪ್ಪುತ್ತದೆ. ಮೊದಲಿನಿಂದ ಶುರು ಮಾಡಬೇಕೇ?

ಉತ್ತರ: ಬೇಡ, ಮೇಡಂ. ಬೇಗ ಸಿಗುವ ವಿದರ್ಸ್ ಎಂಬ ಅಸ್ಥಿಪಂಜರದಂಥ ಮುದುಕ ನಿಮ್ಮ ಬಿಡಾರಕ್ಕೆ ಬಂದು ಕೂರುತ್ತಾನೆ. ಅವನಿಗೆ 100 ಚಿನ್ನದ ನಾಣ್ಯ ಕೊಟ್ಟರೆ ಕ್ಲಾಸ್ (ಯೋಧ, ಮಂತ್ರವಾದಿ ಎಂಬಂಥ ವೃತ್ತಿ) ಬದಲಿಸಿ ಅಂಕಗಳನ್ನು ಹೊಸದಾಗಿ ಹಂಚಿಕೊಳ್ಳಬಹುದು. ಕುಲ ಮಾತ್ರ ಬದಲಾಗುವುದಿಲ್ಲ.

ನಿಮ್ಮ ಲೆಕ್ಕ ಎಲ್ಲಿ ಎಡವಿತೆಂದು ನೋಡೋಣ. ಈ ಆಟದ ಬುಡದಲ್ಲಿರುವ, ಮೇಜಿನ ಸುತ್ತ ಕುಳಿತು ದಾಳ ಹಾಕಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿಯಮದಂತೆ ಲಾಭ ಏರುವುದು ಸಮಸಂಖ್ಯೆಗಳಲ್ಲಿ: 12ಕ್ಕೆ +1, 14ಕ್ಕೆ +2, 16ಕ್ಕೆ +3. ಆದ್ದರಿಂದ 13 ಕೊಡುವುದೂ 12 ಕೊಡುವುದೂ ಒಂದೇ ಆಯಿತು, ಮೂರು ಕಡೆ ಒಂದೊಂದು ಅಂಕ ಪೋಲಾಯಿತು. ಇಪ್ಪತ್ತು ಮುಖದ ದಾಳದಲ್ಲಿ ಒಂದೊಂದು ಹೆಜ್ಜೆಗೂ ಶೇಕಡ 5ರಷ್ಟು ಬೆಲೆ; ದಾಳದ ಅಂಕಿಗೆ ಈ ಲಾಭ ಕೂಡಿಸಿದಾಗ ಶತ್ರುವಿನ ರಕ್ಷಣೆಯ ಅಂಕಿ ಮುಟ್ಟಿದರೆ ಏಟು ತಾಗುತ್ತದೆ. ಶತ್ರುವಿನ ರಕ್ಷಣೆ 15 ಇದ್ದು, ಅಭ್ಯಾಸದ +2ರ ಜೊತೆ ಶಕ್ತಿಯಿಂದ +1 ಮಾತ್ರ ಬಂದರೆ ನಿಮ್ಮ ಏಟು ತಾಗುವ ಸಾಧ್ಯತೆ ಶೇಕಡ 45; ಶಕ್ತಿಯಿಂದ +3 ಬಂದರೆ ಶೇಕಡ 55. ಕಾಗದದ ಮೇಲೆ ಸಣ್ಣ ಅಂತರ, ನೂರು ಏಟುಗಳಲ್ಲಿ ದೊಡ್ಡದು.

ಹಂಚಲು ಸಿಗುವ 27 ಅಂಕಗಳಲ್ಲಿ ಶಕ್ತಿ 15, ದಾರ್ಢ್ಯ 15, ಚುರುಕು 14, ವಿವೇಕ 10 ಇಟ್ಟು, ಬುದ್ಧಿ ಮತ್ತು ವರ್ಚಸ್ಸನ್ನು 8ರಲ್ಲೇ ಬಿಡಿ. ಹೆಚ್ಚುವರಿ ಎರಡನ್ನು ಶಕ್ತಿಗೂ ಒಂದನ್ನು ದಾರ್ಢ್ಯಕ್ಕೂ ಸೇರಿಸಿದರೆ 17 ಮತ್ತು 16 ಆಗುತ್ತವೆ. ನಾಲ್ಕನೆಯ ಲೆವೆಲ್‌ನಲ್ಲಿ ಶಕ್ತಿಗೆ ಇನ್ನೊಂದು ಸೇರಿಸಿದರೆ 18. ಮಾತಿನಲ್ಲಿ ಹಿಂದೆ ಬೀಳುತ್ತಾಳಲ್ಲ ಎಂದು ಚಿಂತಿಸಬೇಡಿ. ನಿಮ್ಮದು ನಾಲ್ವರ ತಂಡ, ವರ್ಚಸ್ಸುಳ್ಳ ಸಂಗಾತಿಯನ್ನು ಮಾತಿಗೆ ಮುಂದೆ ಬಿಡಿ. ಒಂದೇ ತರಗತಿಯಲ್ಲಿ ಒಬ್ಬಳೇ ಹುಡುಗಿ ಓಟ, ಹಾಡು, ಗಣಿತ ಮೂರರಲ್ಲೂ ಬಹುಮಾನ ತರಲಿ ಎಂದು ನೀವು ಬಯಸುವುದಿಲ್ಲ ತಾನೆ? ಒಬ್ಬಂಟಿಯಾಗಿ ಆಡುವ ಎಲ್ಡೆನ್ ರಿಂಗ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಯಾವ ಬಗೆಯ ಪಾತ್ರವಾದರೂ ಮೊದಲು ಪ್ರಾಣಬಲಕ್ಕೆ, ಅಂದರೆ ವಿಗರ್‌ಗೆ, ಅಂಕ ಹಾಕಬೇಕು. 40 ದಾಟಿದ ಮೇಲೆ ಪ್ರತಿ ಅಂಕದ ಫಲ ಇಳಿಯುತ್ತದೆ, 60ರ ನಂತರ ಬಹಳವೇ ಇಳಿಯುತ್ತದೆ.

ಪ್ರಶ್ನೆ: ಶಿಡ್ಲಘಟ್ಟದಿಂದ ಬರೆಯುತ್ತಿದ್ದೇನೆ. ಹದಿಮೂರು ವರ್ಷದ ಮಗ ಆಟ ಶುರು ಮಾಡುವುದೇ ಇಲ್ಲ, ಗಂಟೆಗಟ್ಟಲೆ ಗೊಂಬೆಯ ಮುಖ ಮಾಡುತ್ತಾ ಕೂರುತ್ತಾನೆ. ಇದು ಕಾಲಹರಣವಲ್ಲವೇ?

ಉತ್ತರ: ನನ್ನ ಮಟ್ಟಿಗೆ ಅದು ಚಿತ್ರ ಬರೆಯುವ ಕೆಲಸಕ್ಕೆ ಹತ್ತಿರವಾದದ್ದು, ಅದಕ್ಕೆ ಆಕ್ಷೇಪಿಸಬೇಕಿಲ್ಲ. ನೀವು ಗಮನಿಸಬೇಕಾದದ್ದು ಬೇರೆ: ಅವನು ಮುಖ ಮಾಡುತ್ತಿರುವುದು ಯಾವ ಆಟದಲ್ಲಿ? ಮೇಲೆ ಹೆಸರಿಸಿದ ಸ್ಕೈರಿಮ್, ದಿ ವಿಚರ್ 3, ಬಾಲ್ಡರ್ಸ್ ಗೇಟ್ 3 ಈ ಮೂರಕ್ಕೂ ಯುರೋಪಿನ ವಯೋಮಿತಿ ಗುರುತು 18. ಎಲ್ಡೆನ್ ರಿಂಗ್‌ಗೆ 16. 2022ರ ಪೋಕೆಮಾನ್ ಸ್ಕಾರ್ಲೆಟ್‌ನಲ್ಲಿ ಕಣ್ಣು, ಬಾಯಿ, ಕೂದಲನ್ನೆಲ್ಲ ತಾನೇ ಆರಿಸಿ ತೆರೆದ ಬಯಲಿನಲ್ಲಿ ತಿರುಗಬಹುದು, ಅದರ ಗುರುತು 7. ಪೆಟ್ಟಿಗೆಯ ಮೇಲಿನ ಆ ಅಂಕಿಯನ್ನು ನೋಡಿ, ಮಗನ ಪಕ್ಕದಲ್ಲಿ ಒಂದು ಸಂಜೆ ಕುಳಿತು ಬಿಡಿ.

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಆಡಲು ಸಿಗುವುದು ರಾತ್ರಿ ಒಂದು ಗಂಟೆ, ಅದರಲ್ಲೂ ಕರೆಂಟ್ ಹೋಗುತ್ತದೆ. ನನಗೆ ಲೀನಿಯರ್ ಒಳ್ಳೆಯದೋ ಓಪನ್ ವರ್ಲ್ಡೋ?

ಉತ್ತರ: ಒಂದು ಗಂಟೆಯವರಿಗೆ ತುಂಡು ತುಂಡಾಗಿ ಮುಗಿಯುವ ಆಟ ಒಳ್ಳೆಯದು, ಮೂರೂ ಆಟಗಳನ್ನು ಸೇರಿಸಿ 2021ರಲ್ಲಿ ಬಂದ ಮಾಸ್ ಎಫೆಕ್ಟ್ ಲೆಜೆಂಡರಿ ಎಡಿಷನ್ ಇದಕ್ಕೆ ತಕ್ಕದ್ದು, ಏಕೆಂದರೆ ಒಂದು ಕಾರ್ಯಾಚರಣೆ ಮುಗಿಸಿ ಹಡಗಿಗೆ ಮರಳಿದರೆ ಅಂದಿನ ಆಟ ಅಚ್ಚುಕಟ್ಟಾಗಿ ನಿಲ್ಲುತ್ತದೆ. ವಿಸ್ತಾರವಾದ ಬಯಲಿನಲ್ಲಿ ಮೂರು ದಿನ ಬಿಟ್ಟು ಬಂದರೆ ಎಲ್ಲಿದ್ದೆ, ಯಾತಕ್ಕೆ ಬಂದೆ ಎಂದು ನೆನಪಿಸಿಕೊಳ್ಳುವುದಕ್ಕೇ ಅರ್ಧ ಗಂಟೆ ಬೇಕು.

ಕರೆಂಟಿನ ವಿಷಯಕ್ಕೆ ಬಂದರೆ, ಸ್ಕೈರಿಮ್ ಮತ್ತು ಬಾಲ್ಡರ್ಸ್ ಗೇಟ್ 3ರಲ್ಲಿ ಹೊಡೆದಾಟದ ನಡುವೆಯೂ ಸೇವ್ ಮಾಡಬಹುದು. ಕಂಪ್ಯೂಟರಿನಲ್ಲಿ ಎಫ್5 ಒತ್ತಿದರೆ ಸಾಕು. ದಿ ವಿಚರ್ 3ರಲ್ಲಿ ಹೊಡೆದಾಟದ ನಡುವೆ ಆಗುವುದಿಲ್ಲ. ಫೈನಲ್ ಫ್ಯಾಂಟಸಿ 13ರಲ್ಲಿ ಸೇವ್ ಮಾಡುವ ನಿಗದಿತ ತಾಣ ಬರುವವರೆಗೆ ನಡೆಯಲೇಬೇಕು, ಹಾಗಾಗಿ ಅದು ನಿಮಗೆ ಬೇಡ. ಎಲ್ಡೆನ್ ರಿಂಗ್ ತಾನಾಗಿಯೇ ಕ್ಷಣಕ್ಷಣಕ್ಕೂ ಸೇವ್ ಮಾಡಿಕೊಳ್ಳುತ್ತದೆ, ಆದರೆ ಆ ಬರವಣಿಗೆಯ ನಡುವೆ ಕರೆಂಟ್ ಹೋದರೆ ಕಡತ ಕೆಡುವ ಭಯವಿದೆ. ಅದನ್ನೇ ಆಡುವಿರಾದರೆ ಮೊದಲು ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ.