ಜಾಹೀರಾತು ನಿಮ್ಮ ಪತ್ರದ ಕೊನೆಯಲ್ಲೇ ಇದೆ

ಓದುಗರ ಪತ್ರ: ನಾನು ಮತ್ತು ನನ್ನ ಇಬ್ಬರು ಓರಗಿತ್ತಿಯರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ವಾಟ್ಸಾಪಿನಲ್ಲಿ ಜಾಹೀರಾತು ಹಾಕಿದರೆ ಎಲ್ಲರೂ ಹೆಬ್ಬೆರಳು ತೋರಿಸುತ್ತಾರೆ, ಕೊಳ್ಳುವವರು ಮಾತ್ರ ಇಲ್ಲ. ಮಾರಾಟಕ್ಕೆ ಒದಗುವ ಹಾಗೆ ಬರೆಯಲು ಕಲಿಯುವುದು ಹೇಗೆ? ಮಲಯಾಳದಲ್ಲೂ ಹಾಕಬೇಕಾ? ಜಾಹೀರಾತಿನ ಪ್ರತಿ ಜೊತೆಗಿದೆ.

ಸಂಪಾದಕರ ಉತ್ತರ:

ಅಕ್ಕಾ, ನಮಸ್ಕಾರ. ಮೊದಲು ನಿಮ್ಮ ಜಾಹೀರಾತನ್ನು ಎಲ್ಲರಿಗೂ ಓದಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. “ಕೇರಳದ ರಾಜ್ಯಫಲವಾದ ಹಲಸಿನಿಂದ ತಯಾರಿಸಿದ, ಅತ್ಯುತ್ತಮ ಗುಣಮಟ್ಟದ, ಪರಿಶುದ್ಧ, ಸಾಂಪ್ರದಾಯಿಕ ಹಪ್ಪಳ. ಮಧುಮೇಹಕ್ಕೆ ರಾಮಬಾಣ. ಬೆಲೆಗೆ ಸಂಪರ್ಕಿಸಿ.”

2018ರಲ್ಲಿ ಹಲಸು ರಾಜ್ಯದ ಹಣ್ಣಾಯಿತು, ನಿಜ. ಆದರೆ ಅದು ಪಕ್ಕದ ಮನೆಯವರ ಹಪ್ಪಳಕ್ಕೂ ನಿಜ. “ಅತ್ಯುತ್ತಮ”, “ಪರಿಶುದ್ಧ” ಅನ್ನುವುದನ್ನು ಸೋಪಿನವರೂ ಹೇಳುತ್ತಾರೆ, ಎಣ್ಣೆಯವರೂ ಹೇಳುತ್ತಾರೆ. ಓದುವವರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ.

ರಾಮಬಾಣದ ಸಾಲನ್ನು ಇವತ್ತೇ ತೆಗೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೂ ದಂಡ ಹಾಕಬಹುದು. ದಂಡದ ಮಾತು ಹಾಗಿರಲಿ, ಎಣ್ಣೆಯಲ್ಲಿ ಕರಿದ ಹಪ್ಪಳವನ್ನು ಸಕ್ಕರೆ ಕಾಯಿಲೆಗೆ ಮದ್ದು ಅಂದರೆ ನಿಮ್ಮ ಮನೆಯವರೇ ನಗುತ್ತಾರೆ.

ಇನ್ನು ನನಗೆ ಖುಷಿ ಕೊಟ್ಟ ವಿಷಯ. ಸಹಿ ಹಾಕಿದ ಮೇಲೆ, ಕಾಗದದ ಅಂಚಿನಲ್ಲಿ ನೀವು ಹೀಗೆ ಬರೆದಿದ್ದೀರಿ: “ಈ ವರ್ಷ ಮಳೆ ಬೇಗ ಹಿಡಿಯಿತು. ಮೂರು ಬಿಸಿಲು ಕಾಣದ ಹಪ್ಪಳ ಹಲ್ಲಿಗೆ ಅಂಟುತ್ತದೆ. ಹಾಗಾಗಿ ಎರಡು ಚಾಪೆ ಹಪ್ಪಳ ದನಕ್ಕೆ ಹಾಕಿದೆವು. ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು.”

ಇದನ್ನು ಓದಿ ನನಗೆ ಹಪ್ಪಳ ಬೇಕು ಅನ್ನಿಸಿತು! ಮೇಲಿನ ಜಾಹೀರಾತು ಓದಿದಾಗ ಅನ್ನಿಸಿರಲಿಲ್ಲ. ಎರಡು ಚಾಪೆ ಹಪ್ಪಳ ದನಕ್ಕೆ ಹಾಕಿದವರ ಹತ್ತಿರ “ಗುಣಮಟ್ಟ ಹೇಗೆ?” ಅಂತ ಯಾರಾದರೂ ಕೇಳುತ್ತಾರಾ?

“ಬಿಸಿಲಲ್ಲಿ ಒಣಗಿಸುವುದು ಎಲ್ಲರೂ ಮಾಡುವುದೇ, ಅದರಲ್ಲಿ ಬರೆಯಲು ಏನಿದೆ” ಅಂತ ನೀವು ಹೇಳಬಹುದು. ಇದಕ್ಕೊಂದು ಹಳೆಯ ಕತೆ ಇದೆ. ಬಿಯರಿನ ಕತೆ, ಕ್ಷಮಿಸಿ. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಕ್ಲಾಡ್ ಹಾಪ್‌ಕಿನ್ಸ್ ಅಂತ ಜಾಹೀರಾತು ಬರೆಯುವವನೊಬ್ಬ ಇದ್ದ. ಶ್ಲಿಟ್ಜ್ ಕಂಪನಿಯ ಬಿಯರಿಗೆ ಬರೆಯುವ ಕೆಲಸ ಅವನಿಗೆ ಬಂತು. ಆಗ ಎಲ್ಲ ಕಂಪನಿಗಳೂ “ನಮ್ಮದು ಶುದ್ಧ” ಅಂತಲೇ ಕೂಗುತ್ತಿದ್ದವು. ಇವನು ನೇರ ಕಾರ್ಖಾನೆಗೆ ಹೋದ. ಸೋಸಿದ ಗಾಳಿ ತುಂಬಿದ ಗಾಜಿನ ಕೋಣೆ ನೋಡಿದ. ಆಳದ ಬಾವಿ ನೋಡಿದ. ಒಂದೊಂದು ಬಾಟಲಿಯನ್ನು ನಾಲ್ಕು ನಾಲ್ಕು ಸಲ ತೊಳೆಯುವುದನ್ನು ನೋಡಿದ. “ಇದನ್ನೆಲ್ಲ ಯಾಕೆ ಹೇಳುವುದಿಲ್ಲ?” ಅಂದರೆ, “ಎಲ್ಲರೂ ಹೀಗೇ ಮಾಡುತ್ತಾರಲ್ಲ” ಅಂದರಂತೆ. ಮಾಡುತ್ತಾರೆ, ಆದರೆ ಯಾರೂ ಹೇಳಿಲ್ಲ. ಇವನು ಅದನ್ನೇ ಬರೆದ. ಐದನೇ ಸ್ಥಾನದಲ್ಲಿದ್ದ ಬಿಯರು ಕೆಲವೇ ತಿಂಗಳಲ್ಲಿ ಮೊದಲನೆಯದರ ಸರಿಸಮ ಬಂತು ಅಂತ ಅವನೇ ಬರೆದುಕೊಂಡಿದ್ದಾನೆ. ತನ್ನ ಬಗ್ಗೆ ತಾನೇ ಬರೆದದ್ದು, ಸ್ವಲ್ಪ ಉಪ್ಪುಖಾರ ಇರಲೂಬಹುದು. ಆದರೂ ಆ ಪ್ರಶ್ನೆ ಒಳ್ಳೆಯದು, ಅಲ್ವಾ?

ಹೀಗೆ ಬರೆದು ನೋಡಿ: “ಈ ಸಲ ಹಲಸಿನ ಹಪ್ಪಳ ಕಮ್ಮಿ ಇದೆ. ಮಳೆ ಬೇಗ ಬಂತು, ಮೂರು ಬಿಸಿಲು ಕಾಣದ್ದನ್ನು ನಾವು ಕಟ್ಟಲಿಲ್ಲ. ಬಲಿತ ಸೊಳೆ, ಉಪ್ಪು, ಮೆಣಸು, ಜೀರಿಗೆ, ಅಷ್ಟೇ. 25ರ ಕಟ್ಟಿಗೆ ಇಷ್ಟು ರೂಪಾಯಿ. ಶನಿವಾರ ಬದಿಯಡ್ಕ ಪೇಟೆಯಲ್ಲಿ ಸಿಗುತ್ತದೆ.” ಜೀರಿಗೆ ನಾನು ಊಹಿಸಿದ್ದು, ನೀವು ಹಾಕದಿದ್ದರೆ ತೆಗೆಯಿರಿ. ಮೊದಲ ಸಾಲು ಚಿಕ್ಕದಾಗಿಯೇ ಇರಲಿ. ಮೊಬೈಲಿನಲ್ಲಿ ತೆರೆಯುವ ಮುಂಚೆ ಕಾಣುವುದು ಅಷ್ಟೇ.

ಆ “ಇಷ್ಟು ರೂಪಾಯಿ” ಇದೆಯಲ್ಲ, ಅಲ್ಲಿ ನಿಮ್ಮ ಬೆಲೆ ಬರೆಯಲೇಬೇಕು. “ಬೆಲೆಗೆ ಸಂಪರ್ಕಿಸಿ” ಅಂದರೆ ನಮ್ಮೂರಿನವರು ಸಂಪರ್ಕಿಸುವುದಿಲ್ಲ. ಫೋನ್ ಮಾಡಿ ಬೆಲೆ ಕೇಳಿ, ಜಾಸ್ತಿಯಾಯಿತು ಅಂತ ಬಿಡುವುದು ಹೇಗೆ? ಗುರುತಿನವರು ಬೇರೆ. ಆ ದಾಕ್ಷಿಣ್ಯಕ್ಕೆ ಹೆದರಿ ಸುಮ್ನೆ ಹೆಬ್ಬೆರಳು ಒತ್ತಿ ಜಾರಿಕೊಳ್ಳುತ್ತಾರೆ. ನಿಮಗೆ ಬಂದ ಹೆಬ್ಬೆರಳುಗಳಲ್ಲಿ ಅಂಥವು ಸುಮಾರು ಇರಬೇಕು. (ತೂಕ, ತಯಾರಿಸಿದ ದಿನ, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಂಖ್ಯೆ ಪ್ಯಾಕೆಟಿನ ಮೇಲೆ ಹೇಗೂ ಇರಬೇಕು.)

ಮಲಯಾಳದಲ್ಲೂ ಹಾಕಿ, ಆದರೆ ಕನ್ನಡದ್ದನ್ನೇ ತಿರುಗಿಸಿ ಹಾಕಬೇಡಿ. ಮಲಯಾಳದಿಂದ ತಿರುಗಿಸಿದ ಕನ್ನಡ ಬೋರ್ಡುಗಳನ್ನು ಓದಿ ನಗುವವರು ನಾವು, ನಮಗೆ ಅದು ಗೊತ್ತಿರಬೇಕು. ಅಲ್ಲಿಯವರಿಗೆ ಪಪ್ಪಡಂ ಅಂದರೆ ‘ಸದ್ಯ’ ಅನ್ನುವ ಹಬ್ಬದೂಟಕ್ಕೆ ಹಾಕುವ, ಉಬ್ಬುವ ಉದ್ದಿನ ಹಪ್ಪಳ. ನಿಮ್ಮದು ಉಬ್ಬದಿದ್ದರೆ ಕೆಟ್ಟಿದೆ ಅಂದುಕೊಂಡಾರು. “ಚಕ್ಕ (ಹಲಸಿನ) ಪಪ್ಪಡಂ, ಇದು ಉಬ್ಬುವುದಿಲ್ಲ, ಕುರುಕುರು ಅನ್ನುತ್ತದೆ” ಅನ್ನುವುದು ಅವರಿಗೆ ಮೊದಲ ಸಾಲಾಗಬೇಕು. ಮಲಯಾಳ ಮನೆಮಾತಿನ ನೆರೆಯವರಿಗೆ ನಾಲ್ಕು ಹಪ್ಪಳ ಕರಿದು ಕೊಡಿ. ತಿನ್ನುವಾಗ ಅವರು ಏನು ಹೇಳುತ್ತಾರೋ ಅದನ್ನು ಬರೆದುಕೊಳ್ಳಿ.

ಅಭ್ಯಾಸಕ್ಕೂ ಇದೇ ದಾರಿ. ಫೋನಿನ ಹತ್ತಿರ ಒಂದು ಪುಸ್ತಕ ಇಡಿ. ಗಿರಾಕಿ ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆಯಿರಿ. “ಎಷ್ಟು ದಿನ ಇಡಬಹುದು?”, “ಮಕ್ಕಳಿಗೆ ಖಾರ ಆಗುತ್ತದಾ?” ಅಂತ ಮೂರು ಜನ ಕೇಳಿದರೆ, ಉತ್ತರ ಮುಂದಿನ ಜಾಹೀರಾತಿನಲ್ಲಿ ಇರಲಿ. ಬರೆದದ್ದನ್ನು ಓರಗಿತ್ತಿಯರಿಗೆ ಜೋರಾಗಿ ಓದಿ ಹೇಳಿ. ಎಲ್ಲಿ ನಿಮಗೇ ನಾಚಿಕೆಯಾಗುತ್ತದೋ ಅಲ್ಲಿ ಒಂದು “ಅತ್ಯುತ್ತಮ” ಅಡಗಿರುತ್ತದೆ.

ನಾನೇನೂ ಪಂಡಿತನಲ್ಲ. ಹಿಂದೊಮ್ಮೆ “ನುಡಿಯ ಉಳಿವಿಗಾಗಿ ಚಂದಾದಾರರಾಗಿ” ಅಂತ ಈ ಪತ್ರಿಕೆಗೆ ನಾನೇ ಜಾಹೀರಾತು ಬರೆದಿದ್ದೆ. ನಾಲ್ಕು ಚಂದಾ ಬಂತು. ಅದರಲ್ಲಿ ಎರಡು ನಮ್ಮ ನೆಂಟರದು.

ನಮ್ಮ ಕಚೇರಿಗೆ ಎರಡು ಕಟ್ಟು ಕಳಿಸಿ. ಬೆಲೆ ಮೊದಲೇ ಬರೆದುಬಿಡಿ, ಕೇಳಲು ನಮಗೂ ದಾಕ್ಷಿಣ್ಯ.